ಅಗಸಿ ಎಣ್ಣೆಯೂ ಅಲಾಸ್ಕದ ಬೆಟ್ಟವೂ

ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳಿಗೆ ಅಗಸಿ, ಕುಸುಬಿ ಹೊಸವಲ್ಲ. ಅಗಸಿ ಎಂದರೆ ನಮಗೆ ರೊಟ್ಟಿಯ ಜೊತೆಗಿನ ಚಟ್ನಿಪುಡಿ. ಯುರೋಪಿನ ಚಿತ್ರಕಾರರು ಮಾತ್ರ ಐನೂರು ವರ್ಷದಿಂದ ಇದೇ ಅಗಸಿ ಎಣ್ಣೆಯಲ್ಲಿ ಬಣ್ಣ ಅರೆಯುತ್ತ ಬಂದರು. ಬಿಳಿ ಬಣ್ಣ ಹಳದಿಗೆ ತಿರುಗದಿರಲಿ ಎಂದು ಕುಸುಬಿ ಎಣ್ಣೆ ಹಿಡಿದವರೂ ಉಂಟು.

ಈ ಎಣ್ಣೆ ನೀರಿನಂತೆ ಆರುವುದಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ದಿನಗಟ್ಟಲೆ ಮೆಲ್ಲಗೆ ಗಟ್ಟಿಯಾಗುತ್ತದೆ. ಹಳಬರು ಒಂದು ಪದರ ಒಣಗುವ ತನಕ ಕಾದು ಇನ್ನೊಂದು ಹಚ್ಚುತ್ತಿದ್ದರು. ಕಾಯದೆ ಹಸಿಯ ಮೇಲೆ ಹಸಿ ಹಚ್ಚಿದ ಧೈರ್ಯವಂತರೂ ಇದ್ದರು. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಬಣ್ಣ ತುಂಬುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಬಣ್ಣ ಚೀಲಕ್ಕೆ ಬಂತು, ಮೊನೆಯಂಥ ಚಿತ್ರಕಾರರು ಹೊಲಕ್ಕೇ ಹೋಗಿ ಕೂತರು. ನಮ್ಮ ಕಡೆ ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಲಾಶಾಲೆ ತೆರೆದು ಹಳ್ಳಿಯ ಹುಡುಗರ ಕೈಗೆ ಬ್ರಷ್ ಕೊಟ್ಟರು.

ಈಗ ನನಗೆ ಪ್ರೀತಿಯ ಮನುಷ್ಯನ ಕಥೆಗೆ ಬರುತ್ತೇನೆ: ಬಾಬ್ ರಾಸ್. ಅಮೆರಿಕದ ವಾಯುಪಡೆಯಲ್ಲಿ ಇಪ್ಪತ್ತು ವರ್ಷ ದುಡಿದವನು. ಅಲಾಸ್ಕದಲ್ಲಿದ್ದಾಗ ಒಂದು ಬಾರಿನಲ್ಲಿ ಕೆಲಸ ಮಾಡುತ್ತ, ಟೀವಿಯಲ್ಲಿ ಬಿಲ್ ಅಲೆಕ್ಸಾಂಡರ್ ಎಂಬ ಜರ್ಮನ್ ಮೂಲದ ಚಿತ್ರಕಾರ ಅರ್ಧ ಗಂಟೆಯಲ್ಲಿ ಬೆಟ್ಟ ನಿಲ್ಲಿಸುವುದನ್ನು ಕಂಡ. ಅಲ್ಲಿಗೆ ಹುಚ್ಚು ಹತ್ತಿತು. ಚಿನ್ನ ಜಾಲಿಸುವ ತಗಡಿನ ಬೋಗುಣಿಗಳ ಮೇಲೆ ಹಿಮದ ಬೆಟ್ಟ ಬರೆದು ಪ್ರವಾಸಿಗರಿಗೆ ಮಾರಿದ. ನೌಕರಿ ಬಿಟ್ಟ ಮೇಲೆ ಕ್ಷೌರದ ಖರ್ಚು ಉಳಿಯಲೆಂದು ಕೂದಲು ಗುಂಗುರು ಮಾಡಿಸಿಕೊಂಡ. ಆಮೇಲೆ ಅದು ಅವನಿಗೇ ಬೇಸರವಾಯಿತು, ಆದರೆ ಬಣ್ಣದ ಡಬ್ಬಿಗಳ ಮೇಲೆಲ್ಲ ಆ ತಲೆಯೇ ಅಚ್ಚಾಗಿತ್ತಲ್ಲ! 1983ರಿಂದ 1994ರವರೆಗೆ ಟೀವಿಯಲ್ಲಿ ಚಿತ್ರ ಕಲಿಸುವ ಕಾರ್ಯಕ್ರಮದ 403 ಕಂತು ನಡೆಸಿ, 1995ರಲ್ಲಿ ತೀರಿಕೊಂಡ.

ಅವನ ವಿದ್ಯೆ ಇಷ್ಟೇ. ಕ್ಯಾನ್ವಾಸಿಗೆ ಮೊದಲು ತೆಳ್ಳನೆಯ ಬಿಳಿ ಬಣ್ಣ, ಕಾವಲಿಗೆ ಎಣ್ಣೆ ಸವರಿದಷ್ಟೇ. ಅದರ ಮೇಲೆ ಎರಡಿಂಚು ಬ್ರಷ್ಷಿನಿಂದ ನೀಲಿ ಎಳೆದರೆ ಎರಡೂ ಬೆರೆತು ಆಕಾಶ ತಾನೇ ತಿಳಿಯಾಗುತ್ತದೆ. ಬೆಟ್ಟಕ್ಕೆ ಗಟ್ಟಿ ಬಣ್ಣ, ಚಾಕುವಿನಿಂದ. ಗಟ್ಟಿ ಬಣ್ಣದ ಮೇಲೆ ತೆಳು ಬಣ್ಣ ಕೂರುತ್ತದೆ. ಅದನ್ನು ಮರೆತು ತಿದ್ದುತ್ತ ಹೋದರೆ ಎಲ್ಲವೂ ಕಲಸಿ ರಾಡಿ.

ನನ್ನ ಹೊಟ್ಟೆಕಿಚ್ಚೋ ಸಂಕಟವೋ, ಹೇಳಿಬಿಡುತ್ತೇನೆ. ನಮ್ಮ ಊರಿನ ಯಾವ ಲಾಡ್ಜಿಗೆ ಹೋದರೂ ಗೋಡೆಯ ಮೇಲೆ ಹಿಮದ ಬೆಟ್ಟ, ಪೈನ್ ಮರ, ಅದರ ಬುಡದಲ್ಲೊಂದು ನೀಲಿ ಕೊಳ. ಕಿಟಕಿ ತೆಗೆದರೆ ನರಗುಂದದ ಗುಡ್ಡ, ಅದನ್ನು ಕೇಳುವವರಿಲ್ಲ. ಬೆಂಗಳೂರಿನ ಹೂಮರಗಳಿಗೆ ರುಮಾಲೆ ಚನ್ನಬಸವಯ್ಯ ಸಿಕ್ಕರು. ಸ್ವಾತಂತ್ರ್ಯ ಹೋರಾಟಕ್ಕಾಗಿ ಬ್ರಷ್ ಕೆಳಗಿಟ್ಟು, ವಯಸ್ಸಾದ ಮೇಲೆ ಮತ್ತೆ ಹಿಡಿದು, ಮರದ ಎದುರಿಗೇ ಕೂತು ಬರೆದವರು. ಗಜೇಂದ್ರಗಡದ ಹತ್ತಿರದ ನಮ್ಮ ಕಾಲಕಾಲೇಶ್ವರದ ಬಂಡೆಗೆ ಅಂಥವರೊಬ್ಬರು ಬೇಡವೇ?

ಕಲಿಯುವವರ ತೊಂದರೆಯೂ ನನಗೆ ಗೊತ್ತು. ಬಿಳಿ ತಳದ ಮೇಲೆ ಎರಿ ಮಣ್ಣಿನ ಕಪ್ಪು ಹಚ್ಚಿದರೆ ಬೂದಿಬಣ್ಣವಾಗಿ ಕಾಣುತ್ತದೆ. ಇದಕ್ಕೂ ರಾಸ್ ಹತ್ತಿರ ಉಪಾಯವಿತ್ತು: ಕೆಲವು ಚಿತ್ರಗಳನ್ನು ಅವನು ಕಪ್ಪು ಬಳಿದು ಒಣಗಿಸಿದ ಕ್ಯಾನ್ವಾಸಿನ ಮೇಲೆ ಶುರು ಮಾಡುತ್ತಿದ್ದ. ನಮಗೆ ಬೇಕಾದದ್ದು ಅದೇ. ಹೊಲವನ್ನು ಅರ್ಧ ಹಾಗೇ ಬಿಡಿ, ಮೇಲೆ ಮಾಗಿದ ಜೋಳದ ಹಳದಿ, ಗಜೇಂದ್ರಗಡದ ಗುಡ್ಡದ ಕೆಂಪು ಸಾಕು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗೆ ಸಣ್ಣ ಬ್ರಷ್, ತೆಳು ಬಣ್ಣ. ಬರೆಯಲು ಗುಡ್ಡಕ್ಕೇ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಹೊತ್ತೇರಿದ ಮೇಲೆ ಗಾಳಿ ಎದ್ದರೆ ಧೂಳೆಲ್ಲ ಹಸಿ ಬಣ್ಣಕ್ಕೇ ಹತ್ತುತ್ತದೆ. ಕ್ಯಾನ್ವಾಸಿನ ಬೆನ್ನನ್ನು ಗಾಳಿಗೆ ಕೊಟ್ಟು ಕೂತುಕೊಳ್ಳಿ.