ಅಗೆದಷ್ಟು ಕಟ್ಟು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು ಎಂದು ಕರೆದಿದ್ದಾರೆ. ಅದು ಹೇಗೂ ಎಲ್ಲರ ಕೈಯಲ್ಲಿದೆ. ನಾನು ಹೊಳೆಯಾಚೆಯ ಒಂದು ಲೆಕ್ಕ ಹೇಳಿ ಕೂರುತ್ತೇನೆ.

2020ರ ಮಾರ್ಚಿನಲ್ಲಿ ವಿರೂಪಾಪುರಗಡ್ಡೆಯ ರೆಸಾರ್ಟುಗಳು ನೆಲಸಮವಾದದ್ದು ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ಅಕ್ರಮ ಎಂದಿತು, ಜೆಸಿಬಿ ಬಂತು, ಮುಗಿಯಿತು. ಆದರೆ ಸಂಡೂರಿನ ಗುಡ್ಡಗಳನ್ನು ಗಡಿ ಮೀರಿ ಅಗೆದ ಗಣಿ ಕಂಪನಿಗಳ ವಿಷಯ ಇಷ್ಟು ಸರಳವಲ್ಲ. ಕಟ್ಟಡವನ್ನಾದರೆ ಕೆಡವಬಹುದು. ಅಗೆದ ಗುಡ್ಡವನ್ನು ಏನು ಮಾಡುವುದು?

ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟ ಎರಡೇ ದಿನಕ್ಕೆ, 2011ರ ಜುಲೈ 29ರಂದು, ಬಳ್ಳಾರಿಯ ಗಣಿಗಾರಿಕೆಯನ್ನು ಕೋರ್ಟು ನಿಲ್ಲಿಸಿತು. ಆಮೇಲೆ ನಡೆದದ್ದು ಅಳತೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ 166 ಗುತ್ತಿಗೆಗಳ ಗಡಿ ಅಳೆದು ಎ, ಬಿ, ಸಿ ಎಂದು ಪಟ್ಟಿ ಮಾಡಿದರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ಪಟ್ಟಿಯ 49 ಗುತ್ತಿಗೆ ರದ್ದಾದವು. ಬಿ ಪಟ್ಟಿಯವರು ಮತ್ತೆ ಗಣಿ ತೆರೆಯಬೇಕಾದರೆ ಗಡಿಯಾಚೆ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ, ಗಡಿಯಾಚೆ ಮಣ್ಣು ಸುರಿದ ಪ್ರತಿ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಬೇಕಾಯಿತು. ಇಷ್ಟೇ ಎಂದು ನಿಗದಿಯಾದ ಸಣ್ಣ ದಂಡವನ್ನು ದೊಡ್ಡ ಕಂಪನಿ ಖರ್ಚಿನ ಬಾಬತ್ತಿಗೆ ಬರೆದು ಮರೆತುಬಿಡುತ್ತದೆ. ಇಲ್ಲಿ ಅಗೆದಷ್ಟು ಕಟ್ಟಬೇಕಿತ್ತು. ಈ ತೀರ್ಪು ನನಗೆ ಹಿಡಿಸಿದ್ದು ಅದಕ್ಕೇ.

ಅಳತೆ ಮುಗಿಯುವ ಮೊದಲೇ ರಾಜಿಯಾದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲವಿದೆ. ಅಲ್ಲಿ 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಸತ್ತವರ, ನರಳಿದವರ ಲೆಕ್ಕ ಆಮೇಲೂ ಬೆಳೆಯಿತು. ಹೆಚ್ಚಿನ ಪರಿಹಾರ ಕೇಳಿದ ಕೇಂದ್ರ ಸರ್ಕಾರದ ಅರ್ಜಿ 2023ರಲ್ಲಿ ಬಿದ್ದುಹೋಯಿತು.

ಹಾಗಂತ ನಮ್ಮ ಕಡೆಯದು ಸುಖಾಂತವೇನಲ್ಲ. ಗಣಿಯಿಂದ ಬಂದ ಹಣ ಖರ್ಚು ಮಾಡಲು 2014ರಲ್ಲಿ ನಿಗಮವೇನೋ ಆಯಿತು, ಸುಮಾರು 25,000 ಕೋಟಿಯ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಅಷ್ಟು ವರ್ಷ ಹಣ ಖಾತೆಯಲ್ಲಿ, ಕೆಂಧೂಳು ಊರಲ್ಲಿ.

ಆ ಯೋಜನೆಯಲ್ಲಿ ನಮ್ಮ ಕೊಪ್ಪಳ ಜಿಲ್ಲೆ ಇಲ್ಲ. ನಮ್ಮ ಲೆಕ್ಕ ಬೇರೆ. ಗಿಣಿಗೇರಿ, ಹಿರೇಬಗನಾಳದ ಕಡೆ ಕಾರ್ಖಾನೆಗಳ ಕಪ್ಪು ಧೂಳು ಬೆಳೆಯ ಮೇಲೆ ಕೂರುತ್ತದೆ ಎಂದು ರೈತರು ದೂರುತ್ತಲೇ ಇದ್ದಾರೆ. ಬರೀ ದೂರಿಗೆ ಯಾರೂ ಬಿಲ್ಲು ಬರೆಯುವುದಿಲ್ಲ. ಆ ಊರುಗಳ ಶಾಲೆಯವರ ಜೊತೆ ಸೇರಿ ನಮ್ಮ ಹತ್ತನೇ ತರಗತಿಯ ಮಕ್ಕಳು ಮಾಳಿಗೆಯ ಮೇಲೆ ತಟ್ಟೆ ಇಟ್ಟು, ವಾರಕ್ಕೊಮ್ಮೆ ಕೂತ ಧೂಳನ್ನು ತೂಗಿ, ದಿನಾಂಕ, ಗಾಳಿಯ ದಿಕ್ಕು ಬರೆದಿಡಬಹುದು. ಕೋರ್ಟಿಗೆ ಅದು ಸಾಲದು, ಒಪ್ಪುತ್ತೇನೆ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಬಂದು ಅಳೆಯಿರಿ ಎಂದು ಕೇಳಲು ಸಾಕು. ಲೆಕ್ಕ ಇಡುವ ಪ್ರೋಗ್ರಾಂ ನಾನು ಬರೆದುಕೊಡುತ್ತೇನೆ. ತಕ್ಕಡಿ ನಮ್ಮ ವಿಜ್ಞಾನದ ಕೋಣೆಯಲ್ಲಿದೆ. ಮೇಷ್ಟ್ರು ಬೀಗ ತೆಗೆದು ಕೊಡಬೇಕು, ಅಷ್ಟೇ.