ಹಸಿ ಆಹಾರವೂ ದಂಪತಿಗಳ ಆರೋಗ್ಯವೂ

(ಗ್ರಾಮೀಣ ದಂಪತಿಗಳ ಕುಟುಂಬ ಕಲ್ಯಾಣ ಶಿಬಿರವೊಂದರಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಇತ್ತೀಚೆಗೆ ನಮ್ಮ ಹಳ್ಳಿಗಳಲ್ಲಿಯೂ ಕೆಲವರು ಒಲೆಯ ಮೇಲಿಟ್ಟ ಆಹಾರವನ್ನು ತ್ಯಜಿಸುತ್ತಿದ್ದಾರೆ. ಹಾಲು, ಮೊಸರು, ತುಪ್ಪ, ಮೊಟ್ಟೆ, ಮಾಂಸಗಳನ್ನೂ ಬಿಟ್ಟು, ಹಣ್ಣು, ಹಸಿ ತರಕಾರಿ, ಮೊಳಕೆ ಕಾಳು ಹಾಗೂ ತೆಂಗಿನಕಾಯಿಗಳಿಂದಲೇ ಜೀವನ ಸಾಗಿಸುತ್ತಿದ್ದಾರೆ. ಸಕ್ಕರೆ ಕಾಯಿಲೆ, ಬೊಜ್ಜು, ಹೊಟ್ಟೆಯುರಿಗಳಿಂದ ಬೇಸತ್ತವರು ಯಾರೋ ಹೇಳಿದ ಮಾತನ್ನು ನಂಬಿ ಈ ಮಾರ್ಗ ಹಿಡಿಯುವುದುಂಟು. ಪ್ರಾಣಿದಯೆಯಿಂದ ಹಿಡಿಯುವವರೂ ಉಂಟು. ಅವರನ್ನು ಹಾಸ್ಯ ಮಾಡುವುದು ನನ್ನ ಉದ್ದೇಶವಲ್ಲ. ಈ ಮಾರ್ಗದಲ್ಲಿ ನಡೆಯುವವರು ದೇಹವನ್ನೂ ಮನಸ್ಸನ್ನೂ ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ತಿಳಿಸುವುದೇ ಇಂದಿನ ಮಾತಿನ ಗುರಿ.

ಹಸಿ ಆಹಾರ ನಮಗೆ ಹೊಸದಲ್ಲ. ರಾಮನವಮಿಯ ಕೋಸಂಬರಿ, ಬಾಳೆಹಣ್ಣಿನ ರಸಾಯನ, ಒಂದೆಲಗದ ತಂಬುಳಿ ಇವೆಲ್ಲವೂ ಬೆಂಕಿ ಕಾಣದ ಪದಾರ್ಥಗಳೇ. ಆದರೆ ನಮ್ಮ ಹಿರಿಯರು ಇವುಗಳನ್ನು ಮುದ್ದೆ, ಅನ್ನ, ರೊಟ್ಟಿಗಳ ಜೊತೆಗೆ ಉಣ್ಣುತ್ತಿದ್ದರು. ಎಲೆಯ ಅಂಚಿನಲ್ಲಿದ್ದ ಪದಾರ್ಥವನ್ನೇ ಇಡೀ ಊಟವನ್ನಾಗಿ ಮಾಡಿಕೊಂಡಾಗ ಲೆಕ್ಕಾಚಾರ ಬದಲಾಗುತ್ತದೆ.

ನಾನು ಎಡವಿದ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಬಳಿಗೆ ಬಂದರು. ಕೈಕಾಲು ಜೋಮು, ಸುಸ್ತು, ನಾಲಗೆಯಲ್ಲಿ ಉರಿ. ರಕ್ತಹೀನತೆ ಇದ್ದುದರಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟು ಕಳುಹಿಸಿದೆ. ಮುಖದ ಬಣ್ಣ ತುಸು ಸುಧಾರಿಸಿತು, ಜೋಮು ಹೋಗಲಿಲ್ಲ. ಎರಡು ತಿಂಗಳ ಅನಂತರ ಪತಿಯೊಂದಿಗೆ ಬಂದಾಗ ಆತ ಹೇಳಿದ್ದು ಬೇರೆಯೇ ದೂರು: "ಇವಳ ಸ್ವಭಾವವೇ ಕೆಟ್ಟುಹೋಗಿದೆ, ಸ್ವಾಮಿ. ಮಾತೆತ್ತಿದರೆ ಅಳು, ಇಲ್ಲವೇ ಸಿಟ್ಟು. ಮಗುವಿನ ಮೇಲೂ ಗಮನವಿಲ್ಲ." ಮಡಿಲಲ್ಲಿದ್ದ ಏಳು ತಿಂಗಳ ಕೂಸು ಮೊದಲು ನಗುತ್ತಿದ್ದದ್ದು ಈಗ ನಗುತ್ತಿರಲಿಲ್ಲ, ಕತ್ತು ನಿಲ್ಲುತ್ತಿರಲಿಲ್ಲ.

ಆಗ ಮಾತ್ರ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ತಾಯಿ, ನೀವು ಏನು ಊಟ ಮಾಡುತ್ತೀರಿ?" ಮೂರು ವರ್ಷಗಳಿಂದ ಹಾಲನ್ನೂ ಬಿಟ್ಟು ಹಸಿ ಆಹಾರವನ್ನೇ ಸೇವಿಸುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಬಿ-12 ಜೀವಸತ್ವದ ತೀವ್ರ ಕೊರತೆ ಕಂಡುಬಂದಿತು. ತಾಯಿಯಲ್ಲಿ ಇಲ್ಲದ್ದು ಎದೆಹಾಲಿನಲ್ಲಿ ಮಗುವಿಗೆ ಎಲ್ಲಿಂದ ಬರಬೇಕು? ಚುಚ್ಚುಮದ್ದಿನ ಚಿಕಿತ್ಸೆ ಆರಂಭವಾದ ಕೆಲವೇ ವಾರಗಳಲ್ಲಿ ಮಗು ಮತ್ತೆ ನಕ್ಕಿತು. ತಾಯಿಯ ಜೋಮು ಇಳಿಯಲು ತಿಂಗಳುಗಳೇ ಬೇಕಾದವು. ಇನ್ನಷ್ಟು ತಡವಾಗಿದ್ದರೆ ಮಗುವಿನ ಬುದ್ಧಿ ಬೆಳವಣಿಗೆಗೆ ಶಾಶ್ವತ ಹಾನಿಯಾಗುವ ಸಂಭವವಿತ್ತು. ಆಕೆಯ ಸ್ವಭಾವ ಕೆಟ್ಟಿರಲಿಲ್ಲ. ತಟ್ಟೆಯಲ್ಲಿನ ಕೊರತೆ ಮನಸ್ಸಿನಲ್ಲಿ ಕಾಣಿಸಿಕೊಂಡಿತ್ತು.

ಕಣ್ಣಿಗೆ ಕಾಣದ ಕೊರತೆ

ಬಿ-12 ಜೀವಸತ್ವವು ಸಸ್ಯಾಹಾರದಲ್ಲಿ ನಂಬತಕ್ಕ ಪ್ರಮಾಣದಲ್ಲಿ ದೊರೆಯುವುದಿಲ್ಲ. ಮೊಳಕೆ ಕಾಳು, ಸೊಪ್ಪು, ಹುದುಗಿದ ಹಿಟ್ಟು ಯಾವುದೂ ಇದಕ್ಕೆ ಬದಲಿಯಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದುದು ಸುಮಾರು 2.2 ಮೈಕ್ರೋಗ್ರಾಂ ಮಾತ್ರ. ಆದರೆ ಆ ಕಿಂಚಿತ್ತೂ ಇಲ್ಲದಿದ್ದರೆ ನರಗಳು ಸೊರಗುತ್ತವೆ. ಸೊಪ್ಪಿನಲ್ಲಿಯೂ ನಾನು ಕೊಟ್ಟ ಮಾತ್ರೆಯಲ್ಲಿಯೂ ಇರುವ ಫೋಲಿಕ್ ಆಮ್ಲವು ರಕ್ತವನ್ನು ಸುಧಾರಿಸಿ ಈ ಕೊರತೆಯನ್ನು ಮರೆಮಾಡಬಲ್ಲದು. ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಆದುದರಿಂದ ಹಾಲನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಬಿ-12 ಮಾತ್ರೆಯನ್ನು ತಪ್ಪದೆ ಸೇವಿಸಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಹೊಟ್ಟೆ ತುಂಬಿದರೂ ದೇಹ ತುಂಬದು

ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ದಿನಕ್ಕೆ 2,100ಕ್ಕೂ ಹೆಚ್ಚು, ಗಂಡಸಿಗೆ ಸುಮಾರು 2,700 ಕ್ಯಾಲೊರಿ ಶಕ್ತಿ ಬೇಕು. ಒಂದು ಕಿಲೋ ಟೊಮೇಟೊ ತಿಂದರೂ ಸಿಗುವುದು ಸುಮಾರು 200 ಕ್ಯಾಲೊರಿ. ಅದೇ 100 ಗ್ರಾಂ ಕಡಲೆಕಾಯಿ ಬೀಜದಲ್ಲಿ 500ಕ್ಕೂ ಹೆಚ್ಚು, ಹಸಿ ತೆಂಗಿನಕಾಯಿಯಲ್ಲಿ 400ಕ್ಕೂ ಹೆಚ್ಚು ಇದೆ. ಸೌತೆಕಾಯಿ, ಮೂಲಂಗಿಗಳಿಂದ ಹೊಟ್ಟೆ ತುಂಬಿಸಿಕೊಂಡವರು ತಮಗರಿವಿಲ್ಲದೆ ಉಪವಾಸವಿರುತ್ತಾರೆ. ಉಪವಾಸವಿರುವ ದೇಹದಲ್ಲಿ ಮುಂಗೋಪವೂ ನಿದ್ರಾಹೀನತೆಯೂ ಸಹಜ. ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದೂ ಉಂಟು.

ಆದುದರಿಂದ ಪ್ರತಿದಿನವೂ ಮೊಳಕೆ ಬಂದ ಹೆಸರುಕಾಳು, ನೆನೆಸಿದ ಕಡಲೆಕಾಯಿ ಬೀಜ, ತೆಂಗಿನ ತುರಿ, ಎಳ್ಳು, ಬಾಳೆಹಣ್ಣು, ಖರ್ಜೂರಗಳು ತಟ್ಟೆಯಲ್ಲಿರಲಿ. ಎಳ್ಳು ಸುಣ್ಣದ ಅಂಶದ ಒಳ್ಳೆಯ ಭಂಡಾರ. ಕಬ್ಬಿಣಾಂಶಕ್ಕಾಗಿ ಸೊಪ್ಪು ಮತ್ತು ಕಾಳು ತಿನ್ನುವಾಗ ನಿಂಬೆರಸ, ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಜೊತೆಗಿದ್ದರೆ ಅದು ರಕ್ತಗತವಾಗುತ್ತದೆ. ಊಟದೊಡನೆ ಚಹಾ, ಕಾಫಿ ಕುಡಿದರೆ ವ್ಯರ್ಥವಾಗುತ್ತದೆ. ಉಪ್ಪನ್ನು ಪೂರ್ತಿ ಬಿಡುವವರು ಅಯೋಡಿನ್ ಕಳೆದುಕೊಂಡು ಗಳಗಂಡಕ್ಕೆ ಎಡೆಮಾಡಿಕೊಡುತ್ತಾರೆ. ಅಯೋಡಿನ್‌ಯುಕ್ತ ಉಪ್ಪನ್ನು ಮಿತವಾಗಿ ಬಳಸಬೇಕು.

ಯಾವುದನ್ನು ಹಸಿಯಾಗಿ ತಿನ್ನಬಾರದು?

ಹುರುಳಿಕಾಯಿ ಬೀಜ, ಸೋಯಾ, ಅವರೆಕಾಳು, ಮರಗೆಣಸು ಇವುಗಳನ್ನು ಬೇಯಿಸದೆ ತಿನ್ನಕೂಡದು; ಅವುಗಳಲ್ಲಿನ ವಿಷಾಂಶಗಳು ಬೆಂಕಿಯಿಂದಲೇ ಅಳಿಯಬೇಕು. ಬೂಷ್ಟು ಹಿಡಿದ ಕಡಲೆಕಾಯಿ ಬೀಜವನ್ನು ಎಸೆಯಿರಿ. ಅದು ಯಕೃತ್ತಿಗೆ ವಿಷ. ಚರಂಡಿಯ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳ ಮೇಲೆ ಜಂತುಹುಳುವಿನ ಮೊಟ್ಟೆಗಳಿರಬಹುದು. ಲಾಡಿಹುಳುವಿನ ಮೊಟ್ಟೆ ಹೊಟ್ಟೆ ಸೇರಿದರೆ ಅದರ ಮರಿ ಮೆದುಳನ್ನೂ ತಲಪಿ ಮೂರ್ಛೆರೋಗ ತರಬಲ್ಲದು. ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಶುದ್ಧ ನೀರಿನಲ್ಲಿ ಎರಡು ಮೂರು ಬಾರಿ ತಿಕ್ಕಿ ತೊಳೆದು, ಸಾಧ್ಯವಾದಷ್ಟು ಸಿಪ್ಪೆ ತೆಗೆದು ತಿನ್ನಿರಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕಮಕ್ಕಳಿಗೆ ಸಂಪೂರ್ಣ ಹಸಿ ಆಹಾರ ತರವಲ್ಲ. ಇವರಿಗೆ ಮೊಳಕೆ ಕಾಳನ್ನೂ ಬೇಯಿಸಿಯೇ ಕೊಡಬೇಕು. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಚೆನ್ನಾಗಿ ಬೇಯಿಸಿದ ಮೆತ್ತನೆಯ ಆಹಾರ ಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ತಲಾ 180 ದಿನಗಳ ಕಬ್ಬಿಣಾಂಶದ ಮಾತ್ರೆ ಉಚಿತವಾಗಿ ದೊರೆಯುತ್ತದೆ. ನಿಮ್ಮ ಆಹಾರಕ್ರಮವನ್ನು ಆಶಾ ಕಾರ್ಯಕರ್ತೆಗೆ ಮುಚ್ಚುಮರೆಯಿಲ್ಲದೆ ತಿಳಿಸಿರಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೂಬಾರದು, ಊಟವನ್ನು ಥಟ್ಟನೆ ಬದಲಿಸಲೂಬಾರದು.

ಮನಸ್ಸಿನ ನೆಮ್ಮದಿ

ಊಟವೆಂಬುದು ಕೇವಲ ಜೀವಸತ್ವಗಳ ಲೆಕ್ಕವಲ್ಲ. ಮನೆಮಂದಿಯೆಲ್ಲ ಪಂಕ್ತಿಯಲ್ಲಿ ಕುಳಿತಿರುವಾಗ ಒಬ್ಬರೇ ಬೇರೆ ತಟ್ಟೆ ಹಿಡಿದರೆ ಅವರಿಗೆ ಒಂಟಿತನ, ಉಳಿದವರಿಗೆ ಮುನಿಸು. ಹಬ್ಬದ ದಿನ ಒಂದು ಹೋಳಿಗೆ ತಿಂದುಬಿಟ್ಟೆನೆಂದು ವಾರವೆಲ್ಲ ಕೊರಗಿದವರನ್ನು ನಾನು ಕಂಡಿದ್ದೇನೆ. ಹೋಳಿಗೆಯಿಂದ ಕೆಡದ ಆರೋಗ್ಯ ಆ ಕೊರಗಿನಿಂದ ಕೆಟ್ಟಿತ್ತು. ಪತಿಪತ್ನಿಯರು ಮೊದಲೇ ಕುಳಿತು ಮಾತನಾಡಿ ಒಪ್ಪಂದಕ್ಕೆ ಬನ್ನಿರಿ. ಆಹಾರ ಬೇರೆಯಾದರೂ ಹೊತ್ತು ಒಂದೇ ಇರಲಿ. ಜೊತೆಯಲ್ಲಿಯೇ ಕುಳಿತು ಉಣ್ಣಿರಿ. ಒಬ್ಬರ ವ್ರತವನ್ನು ಇನ್ನೊಬ್ಬರ ಮೇಲೆ ಹೇರಬೇಡಿರಿ.

ಮಹಾತ್ಮ ಗಾಂಧಿಯವರು 1929ರಲ್ಲಿ ಕೆಲವು ಸಂಗಡಿಗರೊಂದಿಗೆ ಬೇಯಿಸದ ಆಹಾರದ ಪ್ರಯೋಗ ಕೈಗೊಂಡಿದ್ದರು. ಕೆಲವು ತಿಂಗಳುಗಳಲ್ಲಿ ಹೊಟ್ಟೆಯ ಬೇನೆ ತಲೆದೋರಿದಾಗ ಪ್ರಯೋಗವನ್ನು ಕೈಬಿಟ್ಟು ಮೇಕೆಯ ಹಾಲಿಗೆ ಹಿಂದಿರುಗಿದರು; ಅದನ್ನು ತಮ್ಮ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅಷ್ಟು ದೃಢಮನಸ್ಕರಾದವರೇ ದೇಹದ ಮಾತಿಗೆ ಕಿವಿಗೊಟ್ಟರೆಂದ ಮೇಲೆ, ನಾವು ಹಿಂದಿರುಗುವುದರಲ್ಲಿ ಅವಮಾನವೇನಿದೆ?

ತೂಕ ಇಳಿಯುತ್ತಲೇ ಇರುವುದು, ಕೈಕಾಲು ಜೋಮು, ಮರೆವು, ಕಾರಣವಿಲ್ಲದ ಅಳು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಮನಸ್ಸಿನ ಬೇಗುದಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಗಂಡಂದಿರಿಗೆ ಒಂದು ಮಾತು. ಹೆಂಡತಿ ಸಿಡುಕಿದಳೆಂದರೆ ಮೊದಲು ಆಕೆಯ ತಟ್ಟೆಯನ್ನು ನೋಡಿರಿ. ತಾಯಂದಿರೇ, ಯಜಮಾನರು ಮಂಕಾಗಿ ಕುಳಿತರೆ ನೀವೂ ಹಾಗೆಯೇ ಮಾಡಿರಿ. ವೈದ್ಯನಾದ ನಾನು ಎರಡು ತಿಂಗಳು ತಡವಾಗಿ ಕೇಳಿದ ಪ್ರಶ್ನೆಯನ್ನು ನೀವು ಪ್ರತಿದಿನವೂ ಒಬ್ಬರನ್ನೊಬ್ಬರು ಕೇಳಬಲ್ಲಿರಿ: "ಇವತ್ತು ಏನು ಊಟ ಮಾಡಿದಿರಿ?"