ಉಳಿತಾಯದ ಹಣಕ್ಕೆ ಕಾವಲು ಯಾರು?

(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಾಲಿನ ಬಟವಾಡೆಯಲ್ಲಿ ನಾಲ್ಕು ಕಾಸು ಉಳಿಸಿ ಎಂದು ನಾವು ಸಭೆ ಸಭೆಯಲ್ಲೂ ಹೇಳುತ್ತೇವೆ. ಉಳಿಸಿದ್ದನ್ನು ಇಟ್ಟ ಕಡೆ ಕಾಯುವವರು ಯಾರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅಮೆರಿಕದಲ್ಲಿ ನಡೆದ ಒಂದು ಸಂಗತಿಯಿಂದ ಇದನ್ನು ವಿವರಿಸುತ್ತೇನೆ.

ಅಲ್ಲಿ ಉಳಿತಾಯ ಮತ್ತು ಸಾಲ ಸಂಘಗಳೆಂಬ ಸಂಸ್ಥೆಗಳಿದ್ದವು. ಎಷ್ಟೋ ಸಂಘಗಳಿಗೆ ನಮ್ಮಂತೆ ಸದಸ್ಯರೇ ಒಡೆಯರು. ಊರವರ ಠೇವಣಿ ಪಡೆದು ಊರವರಿಗೇ ಮನೆ ಸಾಲ ಕೊಡುವುದು ಅವುಗಳ ಕೆಲಸ. 1934ರಲ್ಲಿ ಸರ್ಕಾರ ಠೇವಣಿಗೆ ವಿಮೆಯನ್ನೂ ಕಲ್ಪಿಸಿತು. ಸಾಲವೇನೋ ಬಹುಪಾಲು ಮೂವತ್ತು ವರ್ಷದ್ದು, ಬಡ್ಡಿಯೂ ಬದಲಾಗದು. ಠೇವಣಿಯಾದರೋ ಬೇಕೆಂದಾಗ ಹಿಂದಕ್ಕೆ ಪಡೆಯುವಂಥದ್ದು. 1970ರ ದಶಕದ ಕೊನೆಗೆ ಬಡ್ಡಿ ದರ ಏರಿದಾಗ, ಬರುವ ಬಡ್ಡಿಗಿಂತ ಕೊಡುವ ಬಡ್ಡಿಯೇ ಹೆಚ್ಚಾಯಿತು. ಪಶು ಆಹಾರದ ಬೆಲೆ ಏರಿ ಹಾಲಿನ ದರ ನಿಂತಲ್ಲೇ ನಿಂತರೆ ನಮ್ಮ ಗತಿ ಏನೋ, ಅದೇ ಗತಿ.

ಆಗ ಕೊಟ್ಟ ಮದ್ದು ರೋಗವನ್ನು ಹೆಚ್ಚಿಸಿತು. 1980 ಮತ್ತು 1982ರ ಕಾಯಿದೆಗಳು ನಿರ್ಬಂಧಗಳನ್ನು ಸಡಿಲಿಸಿದವು. ವಿಮೆಯ ಮಿತಿ 40 ಸಾವಿರದಿಂದ 1 ಲಕ್ಷ ಡಾಲರಿಗೆ ಏರಿತು, ತಪಾಸಣೆ ಮಾತ್ರ ಬಿಗಿಯಾಗಲಿಲ್ಲ. ಅನೇಕ ಸಂಸ್ಥೆಗಳು ಜಮೀನು, ವಾಣಿಜ್ಯ ಕಟ್ಟಡಗಳ ವ್ಯವಹಾರಕ್ಕೆ ಹಣ ಸುರಿದವು. ಗೆದ್ದರೆ ಲಾಭ ತಮಗೆ, ಸೋತರೆ ವಿಮೆ ಇದೆಯಲ್ಲ! 1986ರಿಂದ 1995ರೊಳಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಳುಗಿದವು. ವಿಮಾ ನಿಧಿಯೇ ದಿವಾಳಿಯಾಗಿ 1989ರಲ್ಲಿ ಅದನ್ನು ರದ್ದು ಮಾಡಬೇಕಾಯಿತು. ತೆರಿಗೆದಾರರ ಮೇಲೆ ಬಿದ್ದ ಹೊರೆ 12,000 ಕೋಟಿ ಡಾಲರಿಗೂ ಹೆಚ್ಚು.

ಅಲ್ಲಿಯ ನಷ್ಟವನ್ನು ತೆರಿಗೆದಾರರು ಹೊತ್ತರು. ನಮ್ಮಲ್ಲಿ? ಸಹಕಾರಿ ಬ್ಯಾಂಕುಗಳೂ ಸೇರಿ ವಿಮೆಗೆ ಒಳಪಟ್ಟ ಬ್ಯಾಂಕುಗಳಲ್ಲಿ ಒಬ್ಬ ಠೇವಣಿದಾರರಿಗೆ ಅಸಲು ಬಡ್ಡಿ ಸೇರಿ ಇದ್ದ 1 ಲಕ್ಷ ರೂ. ವಿಮಾ ಮಿತಿಯನ್ನು 2020ರಲ್ಲಿ 5 ಲಕ್ಷಕ್ಕೆ ಏರಿಸಲಾಗಿದೆ. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳಿಗೆ, ಗೃಹ ಸಾಲ ಕಂಪನಿಗಳಿಗೆ ಈ ವಿಮೆ ಇಲ್ಲ. ಅಲ್ಲಿ ಹಣ ಮುಳುಗಿದರೆ ಮುಳುಗುವುದು ನಮ್ಮದೇ.

ಆದ್ದರಿಂದ ಹೆಚ್ಚು ಬಡ್ಡಿ ಎಂದೊಡನೆ ಹಣ ಕಟ್ಟಬೇಡಿ. ವಿಮೆ ಇದೆಯೇ, ತಪಾಸಣೆ ಮಾಡುವವರು ಯಾರು, ಸಾಲ ಯಾರಿಗೆ ಹೋಗಿದೆ, ಎಷ್ಟು ಸುಸ್ತಿಯಾಗಿದೆ ಎಂದು ಕೇಳಿ. ನೀವು ಸದಸ್ಯರಾಗಿದ್ದರೆ ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ ಲೆಕ್ಕಪರಿಶೋಧನಾ ವರದಿಯನ್ನು ಓದಿಸಿ.

ನಿಮ್ಮ ಹಾಲನ್ನು ದಿನಕ್ಕೆ ಎರಡು ಹೊತ್ತು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ. ನಿಮ್ಮ ಹಣ ತೆಗೆದುಕೊಳ್ಳುವವರನ್ನು ವರ್ಷಕ್ಕೊಮ್ಮೆಯಾದರೂ ನೀವು ಪರೀಕ್ಷೆ ಮಾಡಬೇಡವೆ?